ಗಂಟೆಯ ಪರೀಕ್ಷೆ

ಕೆಂಪು ಚೀಟಿ ಬಂತು. ಅವನು ಅದನ್ನೇ ದಿಟ್ಟಿಸಿ ನೋಡಿ, ತುಸು ತಡೆದು, ಗಂಟೆ ಬಾರಿಸಿದ. ತಪ್ಪು. ಮೇಜಿನ ಆಚೆ ಕೂತಿದ್ದ ನರ್ಸಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾದಕ ವಸ್ತುವಿನ ಚಟ ಬಿಡಿಸುವ ಆ ಕೇಂದ್ರದಲ್ಲಿ, ಮನೆಗೆ ಹೋಗುವ ಮುನ್ನ ಎಲ್ಲರಿಗೂ ಇದೇ ಪರೀಕ್ಷೆ. ಹಸಿರು ಚೀಟಿ ಕಂಡರೆ ಗಂಟೆ ಬಾರಿಸಬೇಕು, ಕೆಂಪು ಕಂಡರೆ ಕೈ ಕಟ್ಟಿ ಕೂರಬೇಕು. ಕೆಂಪಿಗೂ ಬಾರಿಸಿದರೆ ಕೈ ಇನ್ನೂ ಬುದ್ಧಿಯ ಮಾತು ಕೇಳುತ್ತಿಲ್ಲ ಎಂದರ್ಥ. ಅಂಥವನನ್ನು ಹೊರಗೆ ಬಿಟ್ಟರೆ ಚಟ ಕರೆದ ಕಡೆ ಓಡುತ್ತಾನೆ. ತಿಂಗಳುಗಟ್ಟಲೆ ಬಿಟ್ಟಿದ್ದ ದೇಹ ಹಳೆಯ ಅಳತೆಯ ಪುಡಿಯನ್ನು ತಡೆಯುವುದಿಲ್ಲ.

ನರ್ಸಿನ ತಮ್ಮ ಹೆಣವಾದದ್ದೂ ಹಾಗೆಯೇ. ಅವನಿಗೆ ಪುಡಿಯ ರುಚಿ ಹತ್ತಿಸಿದವನು ಈಗ ಎದುರು ಕೂತು ಗಂಟೆ ಬಾರಿಸಿದ ಈ ವ್ಯಾನ್ ಡ್ರೈವರ್. ಇವಳು ಯಾರ ಅಕ್ಕ ಎಂಬುದು ಅವನಿಗೆ ಗೊತ್ತಿರಲಿಲ್ಲ. ತಾನಾಗಿಯೇ ಬಂದು ಬಲೆಗೆ ಬಿದ್ದಿದ್ದ, ಮಹಾನುಭಾವ. ಅವನನ್ನು ಕಂಡರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

ಊಟದ ಸಾಲಿನಲ್ಲಿ ಬೇರೆಯವರು ತಟ್ಟೆಗಾಗಿ ಕಿತ್ತಾಡಿದರೆ ಅವನು ಹಿಂದೆ ಸರಿದು ನಿಲ್ಲುತ್ತಿದ್ದ. ಯಾರೋ ಕದ್ದು ತಂದ ಸಿಗರೇಟು ಚಾಚಿದರೆ ಬೇಡ ಎನ್ನುತ್ತಿದ್ದ. ಎಲ್ಲ ನಾಟಕ ಎಂದು ನರ್ಸ್ ಹಲ್ಲು ಕಡಿಯುತ್ತಿದ್ದಳು. ಗಂಟೆ ನಾಟಕ ಆಡುವುದಿಲ್ಲವಲ್ಲ!

“ಹೇಗೆ ಮಾಡಿದನಮ್ಮಾ?” ಡಾಕ್ಟರು ಕೇಳಿದರು. ಅವಳ ಮಾತನ್ನು ಅವರು ಕಣ್ಣು ಮುಚ್ಚಿ ನಂಬುತ್ತಿದ್ದರು.

“ಒಂದೂ ತಪ್ಪಿಲ್ಲ ಸರ್. ಧಾರಾಳವಾಗಿ ಕಳಿಸಬಹುದು.”

ಡಾಕ್ಟರು ಸಹಿ ಹಾಕಿದರು. ಹೋಗು, ಹೋಗಿ ಸಾಯಿ ಎಂದು ಅವಳು ಮನಸ್ಸಿನಲ್ಲೇ ಹರಸಿದಳು. ಅವನು ಸಾಯಲೇಬೇಕಿತ್ತು; ಅದಕ್ಕಿಂತ ಕಡಿಮೆಯದು ಯಾವುದೂ ಅವಳಿಗೆ ಬೇಕಿರಲಿಲ್ಲ.

ಗೇಟಿನಲ್ಲಿ ಅವನ ತಂಗಿ ಕಾಯುತ್ತಿದ್ದಳು. ಅಣ್ಣ ಚೀಲ ಹೊತ್ತು ಮುಂದೆ ನಡೆದ ಮೇಲೆ ಅವಳು ನರ್ಸಿನ ಎರಡೂ ಕೈ ಹಿಡಿದುಕೊಂಡಳು.

“ಮನಸ್ಸೇನೋ ಗಟ್ಟಿ ಮಾಡ್ಕೊಂಡಿದಾನೆ, ಅದರ ಚಿಂತೆ ಇರಲಿಲ್ಲ ಅಕ್ಕಾ. ಚೀಟಿ ಬಣ್ಣ ನೋಡಿ ಗಂಟೆ ಹೊಡೆಯೋ ಪರೀಕ್ಷೆ ಅಂದಾಗ ಮಾತ್ರ ಜೀವ ಬಾಯಿಗೆ ಬಂದಿತ್ತು. ಅದು ಹೇಗೆ ಪಾಸಾದನೋ!” ಅವಳು ದನಿ ತಗ್ಗಿಸಿದಳು. “ಡ್ರೈವರ್ ಕೆಲಸ ಹೋಗುತ್ತೆ ಅಂತ ಯಾರ ಹತ್ರಾನೂ ಬಾಯಿ ಬಿಡಲ್ಲ. ಹುಟ್ಟಿದಾಗಿಂದ ಅವನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ.”