ಬಾಣಂತಿ ನೀರು

ಕೋಣೆಯ ಬಾಗಿಲು ಹಾಕಿಕೊಂಡ ಮೇಲೂ ಶೋಭಾ ಸ್ಪಾದವರು ಕೊಟ್ಟ ಬಿಳಿ ನಿಲುವಂಗಿಯನ್ನು ಬಿಗಿಯಾಗಿ ಸುತ್ತಿಕೊಂಡೇ ನಿಂತಿದ್ದಳು. ಎದುರಿಗೆ ಕಲ್ಲಿನ ತೊಟ್ಟಿ. ಗೋಡೆಯ ಕೊಳವೆಯಿಂದ ಬೆಟ್ಟದ ಬಿಸಿನೀರು ಹಬೆಯಾಡುತ್ತ ಅದಕ್ಕೆ ಬೀಳುತ್ತಿತ್ತು. ಕೋಣೆಯ ತುಂಬ ಗಂಧಕದ ವಾಸನೆ. ಅತ್ತೆ ಶಾರದವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೀರಿಗೆ ಮೊಣಕೈ ಅದ್ದಿ ನೋಡಿದರು.

"ಚಲೋ ಕಾದೈತಿ. ಎಷ್ಟೊತ್ತು ಕೊಟ್ಟಾರ?"

"ಒಂದ್ ತಾಸು ರೀ."

ಅವರ ಮನೆಯಿದ್ದ ವೆಸ್ಟ್ ಕೊವಿನಾದಿಂದ ಸ್ಯಾನ್ ಡಿಯಾಗೊ ಕಡೆಯ ಈ ಬೆಟ್ಟಕ್ಕೆ ಎರಡು ತಾಸಿನ ಡ್ರೈವ್. ಇಲ್ಲಿಗೆ ಬರುವುದು ಗಂಡ ಸಿದ್ಧಲಿಂಗೇಶನ ವಿಚಾರವಾಗಿತ್ತು; ಮಗುವನ್ನು ಎತ್ತಿಕೊಂಡು ಅವನು ಹೊರಗೆ ಕೂತಿದ್ದ. ಮೇಘಾ ಹುಟ್ಟಿ ಹತ್ತು ತಿಂಗಳಾದರೂ ಶೋಭಾಳ ಸೊಂಟನೋವು ಹೋಗಿರಲಿಲ್ಲ. ಮಗಳನ್ನು ಎತ್ತಿಕೊಳ್ಳಲು ಬಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳ ತಾಯಿ ತೀರಿಕೊಂಡು ಆರು ವರ್ಷ. ಹೆರಿಗೆಗೆ ಬರಬೇಕಿದ್ದ ಅತ್ತೆಗೆ ವೀಸಾ ಸಿಗಲಿಲ್ಲ ಎಂದು ಫೋನು ಬಂತು. ಮೂರು ತಿಂಗಳ ಮೇಲೆ ಮತ್ತೆ ಅದೇ ಫೋನು. ಹುಟ್ಟುವುದು ಹೆಣ್ಣು ಕೂಸೆಂದು ಊರಿಗೆ ತಿಳಿಸಿದ ವಾರದಲ್ಲೇ ಮೊದಲ ಫೋನು ಬಂದಿತ್ತು. ಶೋಭಾ ಅದನ್ನು ಮರೆತಿರಲಿಲ್ಲ. ಅತ್ತೆ ಬಂದಿಳಿದು ಹದಿನೈದು ದಿನವಾದರೂ ಅವಳು "ಬ್ಯಾಡ್ರಿ, ನಾ ಮಾಡ್ಕೋತೀನಿ" ಎಂಬುದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ.

ಮೂಲೆಯ ಮೇಜಿನ ಮೇಲೆ ನಿಂಬೆಹೋಳು ಹಾಕಿಟ್ಟ ಕುಡಿಯುವ ನೀರಿನ ಜಗ್ಗಿತ್ತು. ಶಾರದವ್ವ ಅದನ್ನು ನಿಂಬೆಹೋಳು ಸಮೇತ ಸಿಂಕಿಗೆ ಚೆಲ್ಲಿ, ಕೊಳವೆಗೆ ಹಿಡಿದರು.

"ಅತ್ತಿ, ಅದು ಕುಡ್ಯೂ ನೀರಿಂದು ರೀ."

"ಗೊತ್ತೈತಿ. ಆ ಕಡೆ ತಿರುಗಿ ಕುಂಡ್ರು."

"ಬ್ಯಾಡ್ರಿ. ನಾ ಸುಮ್ನ ನೀರಾಗ ಕುಂಡ್ರತೀನಿ."

"ನೀರಾಗ ಕುಂತ್ರ ಆಗಂಗಿಲ್ಲವ್ವ. ನೀರು ನಡದ ಮ್ಯಾಲೆ ಬಡದು ಬೀಳಬೇಕು."

ಶೋಭಾ ನಿಲುವಂಗಿ ಕಳಚಿಟ್ಟು ತೊಟ್ಟಿಯ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಮೊದಲ ಜಗ್ಗು ಬಿದ್ದಾಗ ಉಸಿರು ಬಿಗಿಹಿಡಿದಳು. ನಾಲ್ಕನೆಯದಕ್ಕೆ ಹೆಗಲು ಸಡಿಲವಾಯಿತು. ಶಾರದವ್ವ ಒಂದು ಕೈಯಿಂದ ನೀರು ಹೊಯ್ಯುತ್ತ, ಇನ್ನೊಂದು ಅಂಗೈಯನ್ನು ಬೆನ್ನಿನಗುಂಟ ಒತ್ತಿ ಇಳಿಸಿದರು. ನೋವಿನ ಜಾಗವನ್ನು ಆ ಕೈ ಕೇಳದೆಯೇ ಕಂಡುಕೊಂಡಿತು.

"ಮೊದಲ ಸಲ ವೀಸಾ ಕೇಳಾಕ ರೈಲಿಗೆ ಹೋದಾಗ," ಶಾರದವ್ವ ತಾವಾಗಿಯೇ ಹೇಳತೊಡಗಿದರು, "ಆಫೀಸಿನ ಕಿಟಕ್ಯಾಗ ಕುಂತಾವ ಅಮೆರಿಕಾಕ ಯಾಕ ಹೊಂಟೀರಿ ಅಂದ. ಸೊಸಿಗೆ ನೀರ ಹಾಕಾಕ ಅಂದೆ. ಬಾಜೂಕ ನಿಂತಾಕಿ ಅದನ್ನ ಇಂಗ್ಲೀಷಿನಾಗ ಹೇಳಿದ್ಲು. ಅಮೆರಿಕಾದಾಗ ನೀರ ಇಲ್ಲೇನು ಅಂತ ಕೇಳಿ, ಕಾಗದ ತಿರುಗಿ ಕೊಟ್ಟ."

"ಎರಡನೇ ಸಲ?"

"ಆಗೂ ಅದನ್ನ ಹೇಳ್ದೆ. ಖರೇ ಅದ ಇತ್ತಲ್ಲ. ಮೂರನೇ ಸಲ, ಸಮುದ್ರ ನೋಡಾಕ ಹೊಂಟೀನಿ ಅಂತ ಸುಳ್ಳ ಹೇಳ್ದೆ. ಕೊಟ್ರು."

ಶೋಭಾಳಿಗೆ ನಗು ಬಂತು. ಗೋಡೆಯ ಕಡೆಗೇ ಮುಖ ಮಾಡಿಕೊಂಡು, "ಹೆಣ್ಣು ಅಂತ ಗೊತ್ತಾಗಿ ನೀವು ಬರಲಿಲ್ಲ ಅಂತ ತಿಳಕೊಂಡಿದ್ದೆ ರೀ," ಎಂದಳು.

ಹಿಂದೆ ಜಗ್ಗು ಮತ್ತೆ ತುಂಬುವುದು ಕೇಳಿಸಿತು.

"ನನ್ನ ಅತ್ತಿ ಹಂಗ ಮಾಡಿದ್ಲು," ಎಂದರು ಶಾರದವ್ವ. "ಚೊಚ್ಚಲ ಹೆಣ್ಣಾತಂತ ನನಗ ಒಂದು ತಂಬಿಗಿ ನೀರ ಕಾಸಲಿಲ್ಲ. ಅವತ್ತ ಅನ್ಕೊಂಡಿದ್ದೆ, ನನ್ನ ಸೊಸಿಗೆ ಹೆಣ್ಣು ಹುಟ್ಟಿದ್ರ ನಾನ ನೀರ ಹಾಕ್ತೀನಿ ಅಂತ. ಹತ್ತು ತಿಂಗಳ ತಡಾ ಆತು, ಶೋಭಾ."

ಶೋಭಾ ಕೈ ಹಿಂದೆ ಚಾಚಿ ಅತ್ತೆಯ ಒದ್ದೆ ಮಣಿಕಟ್ಟನ್ನು ಹಿಡಿದುಕೊಂಡಳು. ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ, "ಇನ್ನೊಂದ್ ಸ್ವಲ್ಪ ಕೆಳಗ ಹಾಕ್ರಿ ಅತ್ತಿ," ಎಂದಳು.

ಬಾಗಿಲು ತಟ್ಟಿದ ಸದ್ದಾಯಿತು. ಬರುವಾಗ ಟವಲು ಕೊಟ್ಟಿದ್ದ ಮೆಕ್ಸಿಕನ್ ಹೆಂಗಸು ತಲೆ ಒಳಗೆ ಹಾಕಿ ಟೈಮ್ ಆಯಿತೆಂದಳು. ಮರುಕ್ಷಣ ಅವಳ ಕಣ್ಣು ನೆಲದ ಮೇಲೆ ಹರಿಯುತ್ತಿದ್ದ ನೀರು, ಜಗ್ಗು, ಒದ್ದೆ ಸೀರೆಯ ಮುದುಕಿ, ಎಲ್ಲವನ್ನೂ ನೋಡಿತು. ಬೈಯುತ್ತಾಳೆಂದು ಶೋಭಾ ಗಡಬಡಿಸಿ ನಿಲುವಂಗಿಗೆ ಕೈಚಾಚಿದಳು.

ಹೆಂಗಸು ಎರಡೂ ತೋಳನ್ನು ತೊಟ್ಟಿಲಿನಂತೆ ತೂಗಿ, "ಬೇಬಿ?" ಎಂದು ಕೇಳಿದಳು.

ಶೋಭಾ ಹೌದೆಂದಳು.

"ನಮ್ಮಲ್ಲೂ ಹೆತ್ತವಳಿಗೆ ನಲವತ್ತು ದಿನ ಆರೈಕೆ ಮಾಡುತ್ತಾರೆ," ಎಂದು ಹೆಂಗಸು ತಡವರಿಸುವ ಇಂಗ್ಲಿಷಿನಲ್ಲಿ ಹೇಳಿದಳು. "ನನಗೆ ಇಲ್ಲಿ ಮೂರು ಹೆರಿಗೆ ಆಯಿತು. ನಮ್ಮಮ್ಮ ಗಡಿಯ ಆಚೆ, ಕಾರಿನಲ್ಲಿ ಎರಡು ಗಂಟೆ ದೂರ. ಬರಲು ಬಿಡಲಿಲ್ಲ." ಅಷ್ಟು ಹೇಳಿ, ಬೇರೆ ಯಾರೂ ಒಳಗೆ ಬಾರದಂತೆ ಕ್ಲೀನಿಂಗ್ ನಡೆಯುತ್ತಿದೆ ಎಂಬ ಬೋರ್ಡನ್ನು ಹೊರಗಿನ ಹಿಡಿಕೆಗೆ ತೂಗುಹಾಕಿ, ಮೆಲ್ಲಗೆ ಬಾಗಿಲು ಎಳೆದುಕೊಂಡಳು.

"ಏನಂದ್ಲು?" ಶಾರದವ್ವ ಕೇಳಿದರು.

ಶೋಭಾ ಹೇಳಿದಳು. ಶಾರದವ್ವ ಕೇಳಿಸಿಕೊಂಡು, ಜಗ್ಗನ್ನು ಮತ್ತೆ ಕೊಳವೆಗೆ ಹಿಡಿದರು.

"ಕರಿ ಆಕಿನ್ನ," ಎಂದರು. "ಆಕಿ ನಡಾನೂ ನೋಯ್ತಿರಬೇಕು."