ಸಾಂಬ್ರಾಣಿ ಹಿಡಿಯಲು ಬಂದವಳು

ಎಣ್ಣೆನೀರು ಮುಗಿದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆಯನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬ ಮಹಾಪ್ರಶ್ನೆ ಆ ಬೆಳಿಗ್ಗೆ ಮೈಸೂರಿನ ಇಂದುಕಲಾಳ ಮನೆಯಲ್ಲಿ ಇತ್ಯರ್ಥವಾಗಬೇಕಿತ್ತು.

ಗುಡಿಗಳು ಪಾಳುಬಿದ್ದ ಮೇಲೆ ಗ್ರೀಕ್ ದೇವತೆಯರು ಹೊಟ್ಟೆಪಾಡಿಗೆ ಊರೂರಲ್ಲಿ ಕೆಲಸ ಹಿಡಿದಿದ್ದರು, ಅದರಲ್ಲೇನೂ ವಿಶೇಷವಿರಲಿಲ್ಲ. ಎದುರುಮನೆಯ ಮಕ್ಕಳಿಗೆ ಜ್ಞಾನದ ದೇವತೆ ಅಥೀನಾ ಪಾಠ ಹೇಳುತ್ತಿದ್ದಳು. ತೊಂದರೆಯೆಂದರೆ, ಕೆಲವರು ಹೆಸರು ಮರೆಸಿಕೊಂಡು ಬರುತ್ತಾರೆ. ಬಾಣಂತನಕ್ಕೆ ಬಂದ ಅಜ್ಜಿ ತಾನು ಪುಟ್ಟಮಾದಮ್ಮ ಎಂದಿದ್ದಳು. ಆದರೆ ಅವಳು ಬಂದ ಮರುದಿನವೇ ಡಬ್ಬಿಯೊಳಗಿನ ಗೋಧಿ ಮೊಳಕೆಯೊಡೆದಿತ್ತು.

ಇಂದುಕಲಾ ಆ ದೇವತೆಯರನ್ನೇ ಪೂಜಿಸುವ ಮಾಟಗಾತಿ. ಅವರ ಪುರಾಣವೆಲ್ಲ ಬಾಯಿಪಾಠ. ಪೈರಿನ ದೇವತೆ ಡಿಮೀಟರ್ ಹಿಂದೊಮ್ಮೆ ದಾದಿಯ ವೇಷದಲ್ಲಿ ಒಂದು ಮನೆ ಸೇರಿ, ಮಗುವಿಗೆ ಸಾವು ಬಾರದಿರಲೆಂದು ಅದನ್ನು ಬೆಂಕಿಯಲ್ಲಿಡುತ್ತಿದ್ದಳು. ತಾಯಿ ಕಿರುಚಿ ಕೆಲಸ ಕೆಟ್ಟಿತ್ತು.

"ಅಜ್ಜಿ, ಅರ್ಧ ಗಂಟೆ ಆಯ್ತು. ಬಾಗ್ಲು ಯಾಕೆ ಹಾಕ್ಕೊಂಡಿದ್ದೀರಿ?"

"ಥಂಡಿ ಗಾಳಿ ಕಣವ್ವ. ನೀನ್ ಹೋಗಿ ಮಲೀಕೊ."

ಇಂದುಕಲಾ ಬಾಗಿಲ ಸಂದಿಯಲ್ಲಿ ಇಣುಕಿದಳು. ಕೂಸು ನಿಗಿನಿಗಿ ಕೆಂಡದ ಮೇಲೆ ಮಲಗಿ ನಗುತ್ತಿತ್ತು. ಸುಮ್ಮನಿದ್ದರೆ ಮಗನಿಗೆ ಎಂದೂ ಸಾವಿಲ್ಲವೆಂದು ಗೊತ್ತಿದ್ದ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಷ್ಟರಲ್ಲಿ ಕೂಸು ಸೀನಿತು. ಅವಳ ಬಾಯಿಂದ ಸೆರಗು ಜಾರಿತು.

"ಅಯ್ಯೋ, ನನ್ ಕಂದಾ!"

ಅಜ್ಜಿ ಕೂಸನ್ನೆತ್ತಿ ತಂದು ಅವಳ ಕೈಗಿಟ್ಟಳು. "ಕತೆ ಗೊತ್ತಿರೋ ತಾಯಿ ಬೇಕೂಂತ ಎಷ್ಟ್ ಊರು ಅಲೆದೆ ಗೊತ್ತಾ? ನೀನೂ ಕಿರುಚ್ಕೊಂಡ್ಯಲ್ಲೇ!"

ಮಧ್ಯಾಹ್ನ ಅವಳು ಗಂಟು ಕಟ್ಟಿಕೊಂಡು ಹೋದಳು. ಕೂಸು ಎಲ್ಲರ ಹಾಗೆ ಒಂದು ದಿನ ಸಾಯುವ ಮನುಷ್ಯನಾಗಿ ಉಳಿಯಿತು.