ಬೇಲಿಗೊರಗಿದ ಸಿಪಾಯಿ

"ಇವನನ್ನ ಹೀಗೆ ಕೂರಿಸಿದ್ದು ಯಾರು?"

ಮುದುಕಿಯ ಪ್ರಶ್ನೆಗೆ ಸೈಲಾಸ ಬೆಚ್ಚಿ ತಿರುಗಿದ. ಅಮೆರಿಕದ ಉತ್ತರದವರೂ ದಕ್ಷಿಣದವರೂ ಇನ್ನೂ ಕಾದಾಡುತ್ತಿದ್ದ ಕಾಲ. ನ್ಯೂಯಾರ್ಕಿನ ಅವನ ಫೋಟೊ ಅಂಗಡಿಗೆ ರಣರಂಗದ ಚಿತ್ರ ನೋಡಲು ಜನ ಮುಗಿಬೀಳುತ್ತಿದ್ದರು. ಹೆಣ ನೋಡುವುದೆಂದರೆ ಅದೇನು ಹುಚ್ಚೋ! ಆದರೆ ಇವಳು ಬೆಳಗಿನಿಂದ ಒಂದೇ ಚಿತ್ರದ ಮುಂದೆ ನಿಂತಿದ್ದಳು. ಬೇಲಿಗೊರಗಿದ ಸಿಪಾಯಿ, ಬರಿಗಾಲು, ತೊಡೆಯ ಮೇಲೆ ಬಂದೂಕು.

"ನನ್ನ ಮಗ, ಏಸಾ. ಅವನ ಚಿತ್ರ ಇಲ್ಲಿದೆ ಅಂತ ಕೇಳಿ, ನೋಡೋಕೆ ಅಂತ ವರ್ಮಾಂಟಿಂದ ಬಂದೆ. ಗುಂಡು ಬಿದ್ದ ತಕ್ಷಣ ಹೋದ, ನರಳಲಿಲ್ಲ ಅಂತ ಕ್ಯಾಪ್ಟನ್ ಬರೆದಿದ್ರು. ಎಲ್ಲಾ ತಾಯಂದಿರಿಗೂ ಅದನ್ನೇ ಬರೀತಾರಂತೆ. ನೀನು ಕಣ್ಣಾರೆ ನೋಡಿದೋನು. ನರಳಿದ್ನಾ? ಅಷ್ಟು ಹೇಳಿಬಿಡಪ್ಪ, ಹೋಗ್ತೀನಿ."

ಏನೋ ಒಂದು ಹೇಳಿ ಸಾಗಹಾಕಬಹುದಿತ್ತು. ಆದರೆ ಆ ಮುಖ ನೋಡಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ತಿಂಗಳುಗಳಿಂದ ಒಳಗೇ ಕೊರೆಯುತ್ತಿದ್ದುದನ್ನು ಸೈಲಾಸ ಕಕ್ಕಿಬಿಟ್ಟ.

"ತಪ್ಪಾಯ್ತಮ್ಮ. ಅವನು ಬಿದ್ದಿದ್ದು ಹಳ್ಳದ ಕೆಸರಲ್ಲಿ, ಹೆಣಗಳ ಮಧ್ಯೆ. ಅಲ್ಲಿ ಬೆಳಕು ಸಾಲದು ಅಂತ ನಾನೇ ಎಳ್ಕೊಂಡು ಬಂದು ಬೇಲಿಗೆ ಒರಗಿಸಿದೆ. ಬಂದೂಕೂ ನಾನೇ ಇಟ್ಟಿದ್ದು. ಚಿತ್ರ ತೆಗೆದವನೇ ಗಾಡಿಗೆ ಓಡಿದೆ. ಚಿತ್ರ ಹಿಡಿದ ಗಾಜು ಒಣಗೋದ್ರೊಳಗೆ ಔಷಧಿಯಲ್ಲಿ ತೊಳೀಬೇಕಿತ್ತು. ಅವನನ್ನ ಅಲ್ಲೇ ಬಿಟ್ಟುಬಂದೆ. ಮಾರನೇ ದಿನ ಹೂಳೋರು ಬಂದ್ರು. ಆದ್ರೆ ನರಳಲಿಲ್ಲಮ್ಮ, ಆಣೆ. ನಾನು ಹೋಗೋ ಹೊತ್ತಿಗೇ ಪ್ರಾಣ ಹೋಗಿತ್ತು."

ಬೈಗುಳಕ್ಕೆ ಕಾದು ನಿಂತ. ಮುದುಕಿ ಕಣ್ಣೊರೆಸಿಕೊಂಡಳು.

"ಹೋಗ್ಲಿ ಬಿಡು. ಕೆಸರಿಂದ ಎತ್ತಿದ್ಯಲ್ಲ, ದೇವರು ನಿನಗೆ ಒಳ್ಳೇದು ಮಾಡ್ಲಿ."

ಇದಕ್ಕಿಂತ ಕಪಾಳಕ್ಕೆ ಎರಡು ಬಿಗಿದಿದ್ದರೇ ವಾಸಿಯಿತ್ತು ಅನ್ನಿಸಿತು ಸೈಲಾಸನಿಗೆ.

ಹೊರಡುವ ಮುನ್ನ ಅವಳ ಕಣ್ಣು ಪಕ್ಕದ ಚಿತ್ರದ ಮೇಲೆ ಬಿತ್ತು. "ಅಯ್ಯೋ, ಈ ಕುದುರೆಗೆ ತಲೇನೇ ಇಲ್ವಲ್ಲಪ್ಪ!"

ಸದ್ಯ, ಮಾತು ಬೇರೆ ಕಡೆ ತಿರುಗಿತಲ್ಲ. "ಅಲ್ಲಾಡಿಸಿಬಿಡ್ತಮ್ಮ. ಕ್ಯಾಮೆರಾ ಪೆಟ್ಟಿಗೆ ಮುಚ್ಚಳ ತೆಗೆದು ಮತ್ತೆ ಹಾಕೋವರೆಗೂ ಮಿಸುಕಬಾರದು. ಮಿಸುಕಿದ್ದೆಲ್ಲ ಹೊಗೆ ಥರ ಕಲಸಿಹೋಗುತ್ತೆ. ಅದಕ್ಕೇ ಬದುಕಿದ್ದೋರಿಗಿಂತ ಸತ್ತೋರೇ..." ಎಂದವನು ನಾಲಿಗೆ ಕಚ್ಚಿಕೊಂಡ.

ಮುದುಕಿ ಬಾಗಿಲವರೆಗೆ ಹೋದಳು. ನಿಂತಳು. ವಾಪಸು ಬಂದು, ಕನ್ನಡಕ ಏರಿಸಿಕೊಂಡು, ಮಗನ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದಳು. ಬೇಲಿಯ ಮೊಳೆಗಳು ಕಾಣುತ್ತಿದ್ದವು. ಹುಲ್ಲಿನ ಒಂದೊಂದು ಎಸಳೂ ಕಾಣುತ್ತಿತ್ತು.

"ಹಾಗಾದ್ರೆ ನನ್ನ ಏಸಾನ ಬೆರಳು ಮಾತ್ರ ಯಾಕಪ್ಪ ಕಲಸಿಹೋಗಿವೆ?"